ಒಂದು ನೂಲು ಜಾಸ್ತಿ

ಮಳೆ ಬಿಟ್ಟು ಹದಿನೈದು ದಿನ. ಶಿರಿಯದ ಅಳಿವೆಯಲ್ಲಿ
ಮರಳು ಈ ಸಲ ತೆಂಕಕ್ಕೆ ಸರಿದಿದೆ.
ಹೋದ ವರ್ಷದ ಅಲೆ ಹೋದ ವರ್ಷಕ್ಕೇ ಮುಗಿಯಿತು.
ಈಗಿನದು ಎಡಕ್ಕೆ ಮಡಚುತ್ತದೆ, ಬೇಗ;
ಕಲ್ಲಿನ ತಡೆಗೋಡೆಗೆ ಬಡಿದು ವಾಪಸು ಬಂದ ನೀರು
ನಡುವೆ ಬಾಯಿ ಹಾಕುತ್ತದೆ
ಸೊಸೈಟಿಯ ಮಹಾಸಭೆಯಲ್ಲಿ ಎದ್ದು ನಿಲ್ಲುವವನ ಹಾಗೆ.

ಹಮ್ಮಬ್ಬನ ಶೆಡ್ಡು ಮಂಜೇಶ್ವರದ ಬಂದರಿನ ಹಿಂದೆ.
ಫೈಬರ್ ದೋಣಿಯ ಹೊಟ್ಟೆಗೆ ತೇಪೆ ಹಾಕುವವ.
ನಾನು ಮುರಿದು ತಂದ ಹಲಗೆಗಳನ್ನು ಕೂಡಿಸಿದ್ದಾನೆ, ಹದಿನಾಲ್ಕು ವರ್ಷ.
ಹೊಸತು ಮಾಡುವುದು ಇದೇ ಮೊದಲು.

ಚೀಟಿ ಬರೆದುಕೊಂಡೇ ಹೋಗಿದ್ದೆ:
ಉದ್ದ ಐದಡಿ ಹತ್ತು. ಅಗಲ ಹತ್ತೊಂಬತ್ತು.
ದಪ್ಪ ಎರಡೂಕಾಲು. ಇಪ್ಪತ್ತಾರು ಲೀಟರ್, ಚಿಲ್ಲರೆ.
ಮೂವತ್ತರ ನನಗೆ ಸರಿಹೋಗಿದ್ದ ಲೆಕ್ಕ.
ಉಪ್ಪಳದ ಕೌಂಟರಿನಲ್ಲಿ ಕೂತವಳಲ್ಲವೆ,
ಹಳೇ ಬಾಕಿಯನ್ನು ಹೊಸ ಪುಸ್ತಕಕ್ಕೆ
ಎತ್ತಿ ಬರೆಯುವುದು ಕೈಗೆ ರೂಢಿ.

ಅವನು ಓದಲಿಲ್ಲ. ಚೀಟಿಯಲ್ಲಿ ಬೆರಳಿನ ಅಂಟು ಒರೆಸಿಕೊಂಡ.
‘ತೂಕ ಹೇಳಬೇಡ ನಳಿನಾಕ್ಷಿ, ತೂಕ ಎಲ್ಲರೂ ಸುಳ್ಳು ಹೇಳ್ತಾರೆ.
ಹೊರಗಿನ ಸಾಲಿಗೆ ಮುಟ್ಟಲಿಕ್ಕೆ ಎಷ್ಟು ಕೈ ಬೀಸ್ತಿ?
ಮುಟ್ಟಿದ ಮೇಲೆ ಎಲ್ಲಿ ನೋಯ್ತದೆ?’

ಇನ್ನೂರು. ಇನ್ನೂರಿಪ್ಪತ್ತು.
ಬಲ ಭುಜ.
ಗಂಡನಿಗೆ ಹೇಳಿರಲಿಲ್ಲ. ನೆಟ್ಟಗೆ ನನಗೂ.

‘ಏಳು ಅಲೆ ಬಂದರೆ ಎಷ್ಟು ಹಿಡೀತಿ?’
ಮೂರು.
‘ಮೊದಲು?’
ಐದು, ಆರು.
‘ಉಳಿದದ್ದು ಎಲ್ಲಿಗೆ ಹೋಯ್ತು ಮಾರಾಯ್ತಿ?’
ನನ್ನ ಕೆಳಗಿಂದಲೇ ದಾಟಿ ಹೋಯಿತು, ಹಮ್ಮಬ್ಬ,
ದಡಕ್ಕೆ, ನನ್ನನ್ನು ಬಿಟ್ಟು.

ಆಮೇಲೆ ಮಾತಿಲ್ಲ. ರಂದಾ, ಉಜ್ಜುಕಾಗದ, ಬಿಳಿ ಹುಡಿ
ಹುಬ್ಬಿಗೆ, ಮೀಸೆಗೆ, ಚಹಾದ ಗ್ಲಾಸಿಗೆ.
ಅಗಲವನ್ನು ಎದೆಯ ಕೆಳಗೆ ತಂದಿಟ್ಟ.
ಅಣಿಯದ ಬಾಗು ತಗ್ಗಿಸಿದ, ಬೇಗ ಹೊರಡಲಿಕ್ಕೆ;
ಅಮರದಲ್ಲಿ ಉಳಿಸಿದ, ಕಡಿದಾದಲ್ಲಿ ತಿರುಗಲಿಕ್ಕೆ.
ಅಂಚು ಮಾತ್ರ ತೆಳುವಿರಲಿ ಎಂದೆ. ಬೇಡಿದೆ, ಅನ್ನಬೇಕು.
ಅಂಚು ದಪ್ಪವಾದರೆ ಅಲೆಯ ಗೋಡೆಗೆ ಕಚ್ಚುವುದಿಲ್ಲ,
ತೇಲುತ್ತದೆ, ಒಪ್ಪಿಗೆಯಿಲ್ಲದ ಸೊಸೆ ಕೂತಂತೆ ತುದಿಯಲ್ಲಿ.
ಕೊಟ್ಟ. ದಪ್ಪವನ್ನೆಲ್ಲ ನಡುವಿನಲ್ಲಿ ಅಡಗಿಸಿ
ಅಂಚಿಗೆ ನನ್ನ ಮೂವತ್ತನ್ನು ಬಿಟ್ಟ.

ಕಣ್ವತೀರ್ಥದ ನಿಹಾಲ್, ಹತ್ತೊಂಬತ್ತರವ,
ಹಪ್ಪಳದಂಥ ಹಲಗೆ ಕಂಕುಳಲ್ಲಿಟ್ಟು ಇಣುಕಿದ:
‘ಅಕ್ಕ, ಬಲೆಯೂ ಉಂಟಾ ಇದಕ್ಕೆ?’
ನಕ್ಕೆ. ಸ್ವಲ್ಪ ತಡವಾಗಿ.

ರೆಕ್ಕೆಯ ವಿಷಯ ಇಬ್ಬರಿಗೂ ಬಗೆಹರಿಯಲಿಲ್ಲ.
ಸೆಪ್ಟೆಂಬರಿನ ದೊಡ್ಡದಕ್ಕೆ ಮೂರು ಬೇಕು, ಹಿಡಿತಕ್ಕೆ;
ದಿಬ್ಬದ ಮೇಲೆ ಬಿದ್ದೋಡುವ ಸಣ್ಣದಕ್ಕೆ ನಾಲ್ಕು, ಓಟಕ್ಕೆ.
ಐದು ಕಡೆ ಕೊರೆದ. ‘ನೀರೇ ಹೇಳಲಿ.’
ಕಾಲಿನ ಹಗ್ಗ ಆರಡಿ, ಅದಕ್ಕೆ ಚರ್ಚೆಯಿಲ್ಲ.

ಕೊನೆಗೆ ನಡುವಿನ ಮರದ ಪಟ್ಟಿಯ ಮೇಲೆ
ಕಿವಿಯ ಪೆನ್ಸಿಲು ತೆಗೆದು ಬರೆದ,
ಕುಂಜತ್ತೂರಿನ ಶಾಲೆಯಲ್ಲಿ ಐದನೆಯವರೆಗೆ ಕಲಿತ ಅಂಕಿಗಳಲ್ಲಿ:
ಉದ್ದ ೬ ಅಡಿ. ಅಗಲ ೨೦.
ದಪ್ಪ ೨½.
ನನ್ನ ಮುಖ ನೋಡಿದ. ಮುಖ ಅಲ್ಲ, ಭುಜ.
ಅದನ್ನು ಹೊಡೆದು ಹಾಕಿ ಪಕ್ಕದಲ್ಲಿ:
ಎರಡೂವರೆ, ಮೇಲೆ ಒಂದು ನೂಲು.

ಒಂದು ನೂಲು ಅಂದರೆ ಎಷ್ಟು?
ಇಂಚಿನ ಎಂಟನೇ ಒಂದು ಪಾಲು.
ಕಣ್ಣಿಗೆ ಕಾಣದು. ನೀರಿಗೆ ಗೊತ್ತಾಗುತ್ತದೆ.

ಉಜ್ಜಿ ಅಳಿಸುವನೇನೋ ಎಂದುಕೊಂಡೆ.
ಬಟ್ಟೆ ಹಾಸಿ ಅಂಟು ಸುರಿದೇಬಿಟ್ಟ,
ಹೊಡೆದು ಹಾಕಿದ್ದೂ ಬರೆದದ್ದೂ
ಒಂದೇ ಗಾಜಿನ ಕೆಳಗೆ ತಣ್ಣಗೆ ಕೂತವು.

ಒಣಗಲು ಏಳು ದಿನ, ಮುಟ್ಟಬಾರದು ಎಂದ.
ಶೆಡ್ಡಿನ ಹಿಂದೆ ಬಡಗು ಗಾಳಿ ಬಿದ್ದಿತ್ತು,
ಅಲೆ ಇವತ್ತೇ ಚೆನ್ನಾಗಿತ್ತು.